ಕಂಟ್ರೋಲರ್ ಚಂದ್ರಮೌಳಿಯ ಆರು ಸೀಟಿನ ವಿಮಾನ

ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ಸಂಚಾರ ನಿಯಂತ್ರಕರಾಗಿದ್ದು ನಿವೃತ್ತರಾದ ಚಂದ್ರಮೌಳಿಯವರನ್ನು ಊರಿನವರು ಈಗಲೂ ಕಂಟ್ರೋಲರ್ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ವಾಕಿಂಗ್ ಹೊರಟರೆ ಅವರ ಕಾಲು ತಾನಾಗಿ ನಿಲ್ದಾಣದ ಕಡೆಗೇ ತಿರುಗುತ್ತಿತ್ತು. ಅರಕಲಗೂಡಿನ ಬಸ್ಸು ಎರಡು ನಿಮಿಷ ತಡವಾಗಿ ಹೊರಟಿತೆಂದರೆ ಮನೆಗೆ ಬಂದು ಹೆಂಡತಿ ಕಮಲಾಕ್ಷಮ್ಮನವರ ಮುಂದೆ ಹೇಳಿಕೊಳ್ಳುವವರೆಗೂ ಸಮಾಧಾನವಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಅವರ ಮನೆ ಮುಂದೆ ದೊಡ್ಡ ಕಾರೊಂದು ನಿಂತಿತು. ಇಳಿದವನು ಚನ್ನರಾಯಪಟ್ಟಣದ ಪದ್ಮಕುಮಾರ್. ಹಾಸನದಲ್ಲಿ ಹನಿ ನೀರಾವರಿ ಪೈಪಿನ ಕಾರ್ಖಾನೆ ಇಟ್ಟು, ಅದನ್ನು ನಾಸಿಕ್, ರಾಯಪುರದವರೆಗೆ ಬೆಳೆಸಿದವನು. ಅವನ ಅಪ್ಪ ಅನಂತರಾಜಯ್ಯ ಹಿಂದೆ ಪಂಪ್‌ಸೆಟ್ ಸಾಮಾನಿನ ಗಂಟು ಹೊತ್ತು ಹೊಳೆನರಸೀಪುರ, ಅರಕಲಗೂಡು, ರಾಮನಾಥಪುರ ಎಂದು ಬಸ್ಸಿನಲ್ಲೇ ಸುತ್ತುತ್ತಿದ್ದವರು. ಚಂದ್ರಮೌಳಿಯವರಿಗೆ ಆ ಗಂಟಿನ ನೆನಪು ಚೆನ್ನಾಗಿತ್ತು.

"ಒಂದು ಸಣ್ಣ ಜೆಟ್ ವಿಮಾನ ತಗೊಂಡಿದೀನಿ ಸಾರ್, ಸೆಕೆಂಡ್ ಹ್ಯಾಂಡು. ಆರು ಸೀಟು. ಮೈಸೂರಲ್ಲಿ ನಿಲ್ಸಿದೀವಿ," ಎಂದ ಪದ್ಮಕುಮಾರ್, ಕೂತ ತಕ್ಷಣ. "ಎಂಟು ತಿಂಗಳಾಯ್ತು, ಒಂದಿನ ನೆಮ್ಮದಿ ಇಲ್ಲ. ಬೇಕು ಅಂದಾಗ ಇರಲ್ಲ, ಬೇಡ ಅಂದಾಗ ಆಕಾಶದಲ್ಲಿರುತ್ತೆ. ಮಾರ್ಬಿಡಾಣ ಅಂದ್ರೆ, ನಮ್ಮಪ್ಪ, ಮೊದ್ಲು ಆ ಕಂಟ್ರೋಲರ್‌ನ ಒಂದ್ಸಲ ಕೇಳು ಅಂತ ಕಳ್ಸಿದ್ರು."

ಚಂದ್ರಮೌಳಿ ನಕ್ಕುಬಿಟ್ಟರು. "ಬಸ್ಸಿಗೂ ಇಮಾನಕ್ಕೂ ಏನ್ ಸಂಬಂಧ ಸಾ?"

"ಎಲ್ಡೂ ಜನ ಹತ್ತಿಸ್ಕಂಡು ಓಗ್ತವೆ ಕಣ್ರೀ," ಎಂದು ಕಾಫಿ ತಂದಿಟ್ಟ ಕಮಲಾಕ್ಷಮ್ಮ ಹೇಳಿದರು. "ಒಪ್ಕಳಿ. ನನ್ಗೂ ಬಸ್ಸಿನ ಟೈಮು ಕೇಳೋದ್ ತಪ್ಪುತ್ತೆ."

ಹಾಗೆ ಮುಂದಿನ ಸೋಮವಾರದಿಂದ ಚಂದ್ರಮೌಳಿ ಹಾಸನದ ಕಚೇರಿಗೆ ಹೋಗತೊಡಗಿದರು. ಕಾರು ಕಳಿಸುತ್ತೇವೆಂದರೂ ಬೇಡವೆಂದು ಬಸ್ಸಿನಲ್ಲೇ ಹೋದರು. ಮೊದಲ ವಾರ ಯಾರಿಗೂ ಏನೂ ಹೇಳಲಿಲ್ಲ. ಎಂಟು ತಿಂಗಳ ಹಾರಾಟದ ದಾಖಲೆ ತರಿಸಿಕೊಂಡು, ಗೋಡೆಗೆ ಉದ್ದನೆಯ ಹಾಳೆ ಅಂಟಿಸಿ, ಜನ ಇದ್ದ ಹಾರಾಟಕ್ಕೆ ನೀಲಿ ಗೆರೆ, ಜನವಿಲ್ಲದ ಹಾರಾಟಕ್ಕೆ ಕೆಂಪು ಗೆರೆ ಎಳೆಯುತ್ತ ಕೂತರು. ಶನಿವಾರದ ಹೊತ್ತಿಗೆ ಹಾಳೆ ಹತ್ತಿರ ಹತ್ತಿರ ಅರ್ಧ ಕೆಂಪಾಗಿತ್ತು.

ಕೆಂಪು ಹೇಗೆ ಬಂತೆಂದು ನೋಡಿದರೆ ವಿಷಯ ಸರಳವಾಗಿತ್ತು. ಪದ್ಮಕುಮಾರ್‌ನನ್ನು ನಾಸಿಕ್‌ನಲ್ಲಿ ಇಳಿಸಿ ವಿಮಾನ ಖಾಲಿ ವಾಪಸು ಬರುತ್ತಿತ್ತು. ಎರಡು ದಿನ ಬಿಟ್ಟು ಕರೆತರಲು ಮತ್ತೆ ಖಾಲಿ ಹೋಗುತ್ತಿತ್ತು. ಮಾರಾಟದವರು ಸೋಮವಾರ ಒಬ್ಬನನ್ನು ರಾಯಪುರಕ್ಕೆ ಕಳಿಸಿದರೆ ರಿಪೇರಿಯವರು ಬುಧವಾರ ಇಬ್ಬರನ್ನು ಅಲ್ಲಿಗೇ ಕಳಿಸುತ್ತಿದ್ದರು. ಒಬ್ಬರು ಹೋಗುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಒಂದು ಮಾತ್ರ ಚಂದ್ರಮೌಳಿಯವರಿಗೆ ಅರ್ಥವಾಗಲಿಲ್ಲ. ಅದನ್ನು ಕೇಳಲು ಅವರು ಮೈಸೂರಿಗೇ ಹೋದರು.

ವಿಮಾನದ ಕ್ಯಾಪ್ಟನ್ ಪೃಥ್ವಿರಾಜ್‌ಗೆ ನಲವತ್ತು ದಾಟಿತ್ತು. ಬಸ್ ನಿಲ್ದಾಣದವರೊಬ್ಬರು ತನ್ನ ಮೇಲೆ ಬಂದು ಕೂತಿದ್ದಾರೆಂದು ಅವನಿಗೆ ಒಳಗೊಳಗೇ ಮುನಿಸು.

"ಸಾರ್, ಇದು ಬಸ್ಸಲ್ಲ," ಎಂದ, ಅವರು ಬಾಯಿ ತೆರೆಯುವ ಮೊದಲೇ.

"ಗೊತ್ತು ಕ್ಯಾಪ್ಟನ್. ಇಂಧನ, ಮೋಡ, ಗಾಳಿ ಎಲ್ಲಾ ನಿಮ್ದು, ನಾನು ಕೈ ಹಾಕಲ್ಲ. ಯಾರು, ಯಾವತ್ತು, ಎಲ್ಲಿಗೆ, ಇಷ್ಟು ನನ್ಗೆ ಬಿಡಿ. ಒಂದೇ ಒಂದು ಕೇಳ್ಬೇಕಿತ್ತು. ರಾಯಪುರಕ್ಕೆ ಓಗೋವಾಗ ಒಂದೊಂದ್ಸಲ ಹೈದರಾಬಾದಲ್ಲಿ ಇಳೀತೀರಿ, ಒಂದೊಂದ್ಸಲ ನೇರ ಓಗ್ತೀರಿ. ಯಾಕೆ?"

ಎಂಟು ತಿಂಗಳಲ್ಲಿ ಈ ಪ್ರಶ್ನೆ ಕೇಳಿದವರು ಯಾರೂ ಇರಲಿಲ್ಲ. ಪೃಥ್ವಿರಾಜ್ ಕುರ್ಚಿ ಎಳೆದು ಅವರನ್ನು ಕೂರಿಸಿ ವಿವರಿಸಿದ. ಬಿಸಿಲೇರಿದರೆ ಗಾಳಿ ತೆಳುವಾಗುತ್ತದೆ, ವಿಮಾನ ಮೇಲೇಳಲು ಉದ್ದ ದಾರಿ ಬೇಕು. ಈ ರನ್‌ವೇ ಅಷ್ಟು ಉದ್ದವಿಲ್ಲ. ಆರು ಜನರನ್ನೂ ಪೂರ್ತಿ ಇಂಧನವನ್ನೂ ಹೊತ್ತು ಮಧ್ಯಾಹ್ನ ಏಳಲಾಗದು. ಅದಕ್ಕೆ ಕಡಿಮೆ ಇಂಧನ ತುಂಬಿಸಿಕೊಂಡು ಎದ್ದು, ನಡುವೆ ಇಳಿದು ಮತ್ತೆ ತುಂಬಿಸಬೇಕು. ಇಳಿದು ಏರುವುದರಲ್ಲೇ ಎಷ್ಟೋ ಇಂಧನ ಸುಟ್ಟುಹೋಗುತ್ತದೆ. ಎತ್ತರಕ್ಕೆ ಹೋಗಿ ಒಂದೇ ಸಮ ಹಾರಿದರೆ ಉಳಿತಾಯ.

"ತಣ್ಣನೆ ಹೊತ್ತಲ್ಲಿ, ಬೆಳಿಗ್ಗೆ ಏಳಕ್ಕೆ ಎದ್ರೆ?"

"ಒಂದೇ ಓಟ ಸಾರ್. ನೇರ ರಾಯಪುರ."

"ಮತ್ತೆ ಹನ್ನೆರಡಕ್ಕೆ ಯಾಕೆ ಹೊರಡ್ತೀರಿ?"

"ಮಾಲೀಕರು ಬಸದಿಗೆ ಹೋಗಿ, ಅಭಿಷೇಕ ಮುಗಿಸಿ, ತಿಂಡಿ ತಿಂದು ಬರೋದೇ ಹನ್ನೊಂದೂವರೆಗೆ. ಬೇಗ ಎದ್ದು ಬನ್ನಿ ಅಂತ ಅವ್ರಿಗೆ ಹೇಳೋರ್ಯಾರು?"

"ನಾನ್ ಹೇಳ್ತೀನಿ," ಎಂದರು ಚಂದ್ರಮೌಳಿ.

ಹೇಳಿದರು. ವಾರಕ್ಕೆ ಎರಡೇ ದಿನ ಹಾರಾಟ, ಮಂಗಳವಾರ ಮತ್ತು ಗುರುವಾರ. ಯಾರು ಎಲ್ಲಿಗೆ ಹೋಗಬೇಕೆಂಬುದನ್ನು ಹಿಂದಿನ ಶುಕ್ರವಾರದೊಳಗೆ ತಿಳಿಸಬೇಕು. ಎರಡು ದಿನದ ಕೆಲಸವಿದ್ದರೆ ವಿಮಾನ ಅಲ್ಲೇ ನಿಲ್ಲಬೇಕು, ಪೈಲಟ್‌ಗಳಿಗೆ ಒಳ್ಳೆಯ ಹೋಟೆಲು ಕೊಡಬೇಕು. ಬೆಳಿಗ್ಗೆ ಏಳಕ್ಕೆ ಹೊರಡಬೇಕು, ಯಾರಿಗೂ ಕಾಯುವಂತಿಲ್ಲ. ಪದ್ಮಕುಮಾರ್ ಕಾಗದ ಓದಿ, ನಕ್ಕು, ಸಹಿ ಹಾಕಿದ. "ಮೂರು ತಿಂಗಳು ನೋಡಾಣ. ಆಮೇಲೆ ಮಾರೋದಾ ಬಿಡೋದಾ ತೀರ್ಮಾನ ಮಾಡ್ತೀನಿ."

ಮೊದಲ ತಿಂಗಳು ಎಲ್ಲರೂ ಗೊಣಗಿದರು. ಮಾರಾಟ ವಿಭಾಗದ ನಟರಾಜ, "ಸಾಯಂಕಾಲ ಹೇಳಿದ್ರೆ ಬೆಳಿಗ್ಗೆ ರೆಡಿ ಇರ್ತಿತ್ತು ಸಾರ್, ಈಗ ವಾರ ಕಾಯ್ಬೇಕು," ಎಂದು ಬಾಗಿಲಲ್ಲಿ ನಿಂತು ಕೂಗಾಡಿದ. ಚಂದ್ರಮೌಳಿ ಅವನನ್ನು ಗೋಡೆಯ ಹಾಳೆಯ ಮುಂದೆ ನಿಲ್ಲಿಸಿದರು. ಅವನು ಒಬ್ಬನೇ ಕೂತು ಹೋದ ಓಟಗಳನ್ನು ಎಣಿಸಲು ಹೇಳಿದರು. ಒಂಬತ್ತಕ್ಕೆ ಬಂದಾಗ ನಟರಾಜ ಎಣಿಸುವುದನ್ನು ನಿಲ್ಲಿಸಿ ಟೀ ಕೇಳಿದ.

ಏಪ್ರಿಲ್‌ನ ಎರಡನೇ ಮಂಗಳವಾರ ಪರೀಕ್ಷೆ ಬಂತು. ರಾಯಪುರದ ಹತ್ತಿರ ರೈತರ ಸಂಘವೊಂದು ಇನ್ನೂರು ಎಕರೆಗೆ ಪೈಪ್ ಹಾಕಿಸಿಕೊಂಡಿತ್ತು. ನೀರು ಬಿಡುವ ದಿನ. ಅದನ್ನು ನಡೆಸಿ ತೋರಿಸಲು ಐವರು ತಂತ್ರಜ್ಞರು, ಉದ್ಘಾಟನೆಗೆ ಪದ್ಮಕುಮಾರ್. ಆರೂ ಸೀಟು ಭರ್ತಿ.

ಏಳಕ್ಕೆ ಐದು ನಿಮಿಷವಿರುವಾಗ ಚಂದ್ರಮೌಳಿಯವರ ಫೋನು ಬಡಿದುಕೊಂಡಿತು.

"ಸಾರ್, ಐದು ಜನ ಕೂತಿದಾರೆ. ಮಾಲೀಕರು ಇನ್ನೂ ಕೆ.ಆರ್. ಪೇಟೆ ದಾಟಿಲ್ವಂತೆ," ಎಂದ ಪೃಥ್ವಿರಾಜ್. "ಬರೋವಷ್ಟರಲ್ಲಿ ಎಂಟೂವರೆ. ಇವತ್ತಿನ ಸೆಕೆಗೆ ಆಗ ನೇರ ಹೋಗೋಕಾಗಲ್ಲ, ಹೈದರಾಬಾದಲ್ಲಿ ಇಳೀಬೇಕು. ಹನ್ನೊಂದಕ್ಕೆ ರೈತರು ಸೇರ್ತಾರೆ. ಏನ್ ಮಾಡ್ಲಿ?"

ಚಂದ್ರಮೌಳಿ ಜಗಲಿಯ ಮೇಲೆ ನಿಂತಿದ್ದರು. ಬಸ್ಸಾಗಿದ್ದರೆ ಒಂದು ಕ್ಷಣವೂ ಯೋಚಿಸುತ್ತಿರಲಿಲ್ಲ. ಆದರೆ ಇದು ಯಾರ ವಿಮಾನವೋ ಅವನನ್ನೇ ಬಿಟ್ಟು ಹೋಗುವ ಮಾತು. ನೀರು ಬಿಡುವುದಕ್ಕೆ ಬೇಕಾದವರು ಯಾರು ಎಂದು ತಮ್ಮನ್ನೇ ಕೇಳಿಕೊಂಡರು. ಆ ಐವರೂ ಒಳಗೆ ಕೂತಿದ್ದರು.

"ಆರಾಟಕ್ಕೆ ಎಲ್ಲಾ ಸರಿ ಐತಾ?"

"ಎಲ್ಲಾ ಸರಿ ಇದೆ ಸಾರ್."

"ಅಂಗಾದ್ರೆ ಹೊರಡಿ ಕ್ಯಾಪ್ಟನ್. ನನ್ ಹೆಸರು ಹೇಳಿ."

ಆಮೇಲೆ ಪದ್ಮಕುಮಾರ್‌ಗೆ ತಾವೇ ಫೋನು ಮಾಡಿ ಹೇಳಿದರು. "ನನ್ ವಿಮಾನ, ನನ್ನೇ ಬಿಟ್ಟು..." ಎಂದಷ್ಟೇ ಆ ಕಡೆಯಿಂದ ಕೇಳಿಸಿತು, ಫೋನು ಕಡಿದುಹೋಯಿತು.

"ನಾಳೆಯಿಂದ ಮತ್ತೆ ಬಸ್ ಸ್ಟ್ಯಾಂಡಾ?" ಎಂದರು ಕಮಲಾಕ್ಷಮ್ಮ. ಗಂಡನ ಮುಖ ನೋಡಿ ಬಿಸಿ ಬಿಸಿ ಅಕ್ಕಿರೊಟ್ಟಿ ತಟ್ಟೆಗೆ ಹಾಕಿದರು.

ಮಧ್ಯಾಹ್ನ ಪದ್ಮಕುಮಾರ್ ಹಾಸನದ ಕಚೇರಿಗೆ ಬಂದ. ಜೊತೆಗೆ ಅನಂತರಾಜಯ್ಯನವರೂ ಇದ್ದರು; ಮಗನ ಕೂಗಾಟ ಮನೆಯಲ್ಲೇ ಕೇಳಿ ತಾವೂ ಕಾರು ಹತ್ತಿ ಬಂದಿದ್ದರು. ಪದ್ಮಕುಮಾರ್ ಸಿಟ್ಟಿನಿಂದ ಮೇಜಿನ ಮುಂದೆ ಬಂದು ನಿಂತ.

ಮೊದಲು ಬಾಯಿ ತೆರೆದದ್ದು ಅಪ್ಪ. "ಲೇ ಪದ್ಮಾ, ನನ್ನೂ ಒಂದ್ಸಲ ಬಿಟ್ಟು ಬಸ್ ಕಳ್ಸಿದ್ರು ಕಣೋ ಇವ್ರು. ಗಂಟು ಬಸ್ ಮೇಲೆ, ನಾನು ಕ್ಯಾಂಟೀನಲ್ಲಿ. ಸೀಟಿ ಊದೇಬಿಟ್ರು. ಗಂಟು ಅರಕಲಗೂಡಿಗೋಯ್ತು, ನಾನಿಲ್ಲೇ ಉಳ್ಕಂಡೆ. ಆವತ್ತಿಂದ ನಾನು ಯಾವ ಬಸ್ಸೂ ತಪ್ಪುಸ್ಕಂಡಿಲ್ಲ."

"ಗಂಟು ಸಿಕ್ತಾ?" ಎಂದು ಕೇಳಿಬಿಟ್ಟ ಪದ್ಮಕುಮಾರ್, ಸಿಟ್ಟು ಮರೆತು.

"ಸಿಗ್ದೆ ಇನ್ನೇನು. ಅಲ್ಲಿನೋರಿಗೆ ಫೋನ್ ಮಾಡಿ ಇಳಿಸಿ ಇಡ್ಸಿದ್ರು."

ಅಷ್ಟರಲ್ಲಿ ಪದ್ಮಕುಮಾರ್‌ನ ಮೊಬೈಲಿಗೆ ರಾಯಪುರದಿಂದ ಚಿತ್ರಗಳು ಬಂದವು. ಮಾಲೀಕ ಬಾರದ್ದರಿಂದ ಸಂಘದ ಹಿರಿಯ ರೈತ ಮಹಿಳೆಯೊಬ್ಬರ ಕೈಯಿಂದಲೇ ತಂತ್ರಜ್ಞರು ನೀರಿನ ಗೇಟ್‌ವಾಲ್ವ್ ತೆರೆಸಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ವಾಲ್ವ್ ಹಿಡಿದು ಅವರು ಬಾಯಿತುಂಬ ನಗುತ್ತಿದ್ದರು. ಹಿಂದೆ ಸಾಲು ಸಾಲು ಗಿಡಗಳ ಬುಡದಲ್ಲಿ ಮಣ್ಣು ತೊಯ್ದು ಕಪ್ಪಾಗಿತ್ತು. ಪದ್ಮಕುಮಾರ್ ಆ ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ. "ನಾನು ರಿಬ್ಬನ್ ಕತ್ತರಿಸಿದ್ರೆ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ," ಎಂದು ಕೊನೆಗೆ ಕುರ್ಚಿ ಎಳೆದುಕೊಂಡು ಕೂತ. "ಮುಂದಿನ್ಸಲ ಹಿಂದಿನ ದಿನಾನೇ ಮೈಸೂರಿಗೆ ಹೋಗಿ ಮಲಗ್ತೀನಿ ಬಿಡಿ."

ಮೇ ತಿಂಗಳ ಹಾಳೆಯಲ್ಲಿ ಕೆಂಪು ಗೆರೆ ನಾಲ್ಕೇ ಇತ್ತು. ವಿಮಾನ ಹಾರಿದ ಗಂಟೆ ಕಡಿಮೆಯಾಗಿತ್ತು, ಹೋಗಿಬಂದ ಜನ ಹೆಚ್ಚಾಗಿದ್ದರು. ಮಾರುವ ಮಾತನ್ನು ಪದ್ಮಕುಮಾರ್ ಮತ್ತೆ ಎತ್ತಲಿಲ್ಲ. ಪೃಥ್ವಿರಾಜ್ ಈಗ ಪ್ರತಿ ಭಾನುವಾರ ತಾನಾಗಿಯೇ ಫೋನು ಮಾಡಿ, ವಾರದ ಗಾಳಿ ಯಾವ ಕಡೆಗಿದೆ, ಯಾವ ಊರಿಗೆ ಮೊದಲು ಹೋಗುವುದು ಲಾಭ ಎಂದು ಹೇಳುತ್ತಿದ್ದ. ಚಂದ್ರಮೌಳಿ ಪೆನ್ಸಿಲ್ ಹಿಡಿದು ಬರೆದುಕೊಳ್ಳುತ್ತಿದ್ದರು.

ನವೆಂಬರಿನಲ್ಲಿ ರಾಂಚಿಯ ಓಟವೊಂದು ಬಂತು. ಇಬ್ಬರು ತಂತ್ರಜ್ಞರು, ಮೂರು ದಿನದ ಕೆಲಸ, ನಾಲ್ಕು ಸೀಟು ಖಾಲಿ. ಚಂದ್ರಮೌಳಿ ನಕ್ಷೆ ನೋಡಿ ಅನಂತರಾಜಯ್ಯನವರಿಗೆ ಫೋನು ಮಾಡಿದರು. ಜೈನರ ತೀರ್ಥಕ್ಷೇತ್ರ ಸಮ್ಮೇದ ಶಿಖರ್ಜಿ ಬೆಟ್ಟ ಅಲ್ಲಿಂದ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಎರಡು ದಿನ ರೈಲಿನಲ್ಲಿ ಕೂರಲು ಅನಂತರಾಜಯ್ಯನವರ ಹೆಂಡತಿ ಪದ್ಮಾವತಮ್ಮನವರ ಮಂಡಿ ಬಿಡದೆ, ಗಂಡ ಹೆಂಡತಿ ಆ ಯಾತ್ರೆಯನ್ನು ಹತ್ತು ವರ್ಷದಿಂದ ಮುಂದೂಡುತ್ತಲೇ ಇದ್ದರು.

"ಬೆಳಿಗ್ಗೆ ಏಳಕ್ಕೆ ಬುಟ್ರೆ ಮಧ್ಯಾಹ್ನ ಎಲ್ಡು ಗಂಟೆಗೆ ಬೆಟ್ಟದ ಬುಡದಲ್ಲಿರ್ತೀರಿ," ಎಂದರು ಚಂದ್ರಮೌಳಿ. "ನಿಮ್ ಪದ್ಧತಿಯಂಗೆ ಒತ್ತು ಮುಳುಗೋದ್ರೊಳಗೆ ಊಟಾನೂ ಆಗ್ತದೆ."

ಗುರುವಾರ ಬೆಳಿಗ್ಗೆ ಅವರನ್ನು ಹತ್ತಿಸಲು ಚಂದ್ರಮೌಳಿಯೇ ಮೈಸೂರಿಗೆ ಹೋದರು. ಪದ್ಮಾವತಮ್ಮ ಆರು ಗಂಟೆಗೇ ಬಂದು ಕೂತಿದ್ದರು. ಪೃಥ್ವಿರಾಜ್ ಒಂದೊಂದೇ ಚೀಲವನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಂಡ. ಒಂದು ತಗಡಿನ ಡಬ್ಬ ಬಹಳ ಭಾರವಿತ್ತು.

"ಏನಿದೆ ಅಮ್ಮಾ ಇದ್ರಲ್ಲಿ?"

"ಚಕ್ಲಿ, ನಿಪ್ಪಟ್ಟು ಕಣಪ್ಪಾ. ಬಿಟ್ಟು ಓಗ್ಬೇಕಾ?"

"ನಾಲ್ಕೇ ಜನ ಅಲ್ವಾ, ತಗೊಂಡು ಬನ್ನಿ," ಎಂದು ಪೃಥ್ವಿರಾಜ್ ಡಬ್ಬವನ್ನು ತಾನೇ ಎತ್ತಿಕೊಂಡ. ಪದ್ಮಾವತಮ್ಮ ಅವನನ್ನು ನಿಲ್ಲಿಸಿ, ಮುಚ್ಚಳ ತೆಗೆದು, ಎರಡು ಹಿಡಿ ಚಕ್ಕುಲಿಯನ್ನು ಚಂದ್ರಮೌಳಿಯವರ ಕರವಸ್ತ್ರಕ್ಕೆ ಸುರಿದರು.

ವಿಮಾನ ಏಳಕ್ಕೆ ಸರಿಯಾಗಿ ಓಡಿ, ಮೇಲೆದ್ದು, ಚಾಮುಂಡಿ ಬೆಟ್ಟದ ಆಚೆಯ ಬೆಳಕಿನೊಳಗೆ ಸಣ್ಣದಾಯಿತು. ಚಂದ್ರಮೌಳಿ ಬೇಲಿಯ ಪಕ್ಕ ನಿಂತು ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರು. ಬೆಣ್ಣೆ ಹಾಕಿ ಕಲಸಿದ ಹಿಟ್ಟು, ಜೀರಿಗೆ ಘಮ್ಮೆಂದಿತು. ಮಿಕ್ಕದ್ದನ್ನು ಕಮಲಾಕ್ಷಮ್ಮನಿಗೆಂದು ಗಂಟು ಕಟ್ಟಿ, ಹೊಳೆನರಸೀಪುರದ ಬಸ್ಸು ಹಿಡಿಯಲು ನಡೆದರು.