ಬನ್ನು ತಿಂದ ಕೋಳಿಗಳು

ಅಕ್ಕನ ಹದಿನಾಲ್ಕು ಕೋಳಿಗಳ ಮೊಟ್ಟೆಯೆಲ್ಲ ಒಂಬತ್ತು ವರ್ಷದಿಂದ ತಮ್ಮನ ಬೇಕರಿಗೇ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅವನು ಗಿರಾಕಿಗಳ ಎದುರೇ ಮೊಟ್ಟೆ ಒಡೆದು, ಬಟ್ಟಲನ್ನು ಅವಳ ಮೂಗಿನ ಕೆಳಗೆ ಹಿಡಿದ. ಹಳದಿ ಎಂಬುದು ಹೆಸರಿಗಷ್ಟೇ; ಜ್ವರ ಬಿಟ್ಟು ಎದ್ದವರ ಮುಖದ ಹಾಗಿತ್ತು. ಕೇಕಿಗೆ ಬಣ್ಣವಿಲ್ಲ, ಸತ್ವದ ಮಾತಂತೂ ಕೇಳಲೇಬೇಡ, ತಿಂಗಳೊಳಗೆ ಸರಿಹೋಗದಿದ್ದರೆ ಫಾರಮ್ಮಿನ ಮೊಟ್ಟೆ ತರಿಸುತ್ತೇನೆ ಎಂದ. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಎತ್ತಿ ಆಡಿಸಿದ ಕೂಸಿನಿಂದ ಈಗ ಕೋಳಿ ಸಾಕುವ ಪಾಠ.

ಮರುದಿನವೇ ಪಶುವೈದ್ಯರನ್ನು ಕರೆಸಿದಳು. ಅವರು ಗೂಡಿನ ಸುತ್ತ ಒಮ್ಮೆ ನಡೆದು, ಇವಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರು. ಬನ್ನು, ಎಂದಳು ಅಕ್ಕ, ಹೆಮ್ಮೆಯಿಂದಲೇ. ದಿನಾ ಸಂಜೆ ತಮ್ಮನೇ, ಬೇಕರಿಯಲ್ಲಿ ಉಳಿದ ಬನ್ನು, ಬ್ರೆಡ್ಡಿನ ಅಂಚು ಒಂದು ಚೀಲ ತಂದು ಸುರಿದು, ಮೆಟ್ಟಿಲ ಮೇಲೆ ಕೂತು, ಒಂದು ಗಂಟೆ ಊರವರನ್ನೆಲ್ಲ ಬೈದು ಹೋಗುತ್ತಿದ್ದ. ಬನ್ನಿನ ರುಚಿ ಹತ್ತಿದ ಕೋಳಿಗಳು ಈಚೀಚೆಗೆ ಸೊಪ್ಪಿನತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ವೈದ್ಯರು ನಕ್ಕರು. ಕೋಳಿ ತಿಂದದ್ದೇ ಮೊಟ್ಟೆಗೆ ಇಳಿಯುವುದು, ಬರೀ ಮೈದಾ ತಿಂದರೆ ಬಣ್ಣವೂ ಇಲ್ಲ, ಸತ್ವವೂ ಇಲ್ಲ; ಬನ್ನು ನಿಲ್ಲಿಸಿ, ಸೊಪ್ಪು, ಮುಸುಕಿನ ಜೋಳ, ಒಂದಿಷ್ಟು ಅಗಸೆ ಬೀಜ ಹಾಕಿ ಎಂದರು.

ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಕಾದಳು. ಸಂಜೆ ಚೀಲ ಹೊತ್ತು ತಮ್ಮ ಬಂದ.

"ಅದನ್ನ ಒಳಗೆ ತರ್ಬೇಡ," ಎಂದಳು. "ನಿನ್ನ ಕೇಕು ಬಿಳಿಚಿಕೊಂಡಿರೋದು ನಿನ್ನ ಬನ್ನಿಂದಾನೇ. ಇನ್ಮೇಲೆ ಒಂದು ಚೂರೂ ಹಾಕ್ಬೇಡಿ ಅಂದಿದಾರೆ ಡಾಕ್ಟ್ರು."

ತಮ್ಮ ವಾದಕ್ಕಿಳಿಯಲಿಲ್ಲ. ವಾದ ಮಾಡದ ತಮ್ಮನನ್ನು ಅವಳು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗೇಟಿನ ಹೊರಗೇ ನಿಂತು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಹಾಗಾದ್ರೆ ನಾಳೆಯಿಂದ ನಾನು ಏನಂತ ಬರ್ಲಿ ಅಕ್ಕ?"

ಅಕ್ಕನ ಗೆಲುವೆಲ್ಲ ಜರ್ರನೆ ಇಳಿದುಹೋಯಿತು. ಇಷ್ಟು ವರ್ಷ ಅವನು ಬಂದದ್ದು ಕೋಳಿಗಾಗಿ ಅಲ್ಲ ಎಂದು ಹೊಳೆಯಿತು. ಆದರೆ ಅಂಥದ್ದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಆ ಮನೆಯವರದಲ್ಲ.

"ಸೊಪ್ಪು ಹೆಚ್ಚೋಕೆ ಬಾ," ಎಂದಳು. "ಹದಿನಾಲ್ಕು ಕೋಳಿಗೆ ನಾನೊಬ್ಳೇ ಎಷ್ಟೂಂತ ಹೆಚ್ಚಲಿ."

ತಮ್ಮ ಚೀಲವನ್ನು ಅಲ್ಲೇ ಬಿಟ್ಟು ಒಳಗೆ ಬಂದ. ತಿಂಗಳ ಗಡುವಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವಳು ಹೆಚ್ಚಿದ ಸೊಪ್ಪು ದಪ್ಪವಾಯಿತೆಂದು ಮಾತ್ರ ಐದು ನಿಮಿಷದಲ್ಲೇ ತಗಾದೆ ತೆಗೆದ.