ಕಾಲರ್ ಸಡಿಲವಾದ ವಾರ

ಸೋಮವಾರ ಬಂತೆಂದರೆ ಮಹಡಿಯ ತಂತಿಯ ಮೇಲೆ ಅಲ್ಲಿ ಬಾಡಿಗೆಗಿದ್ದ ಇಬ್ಬರು ಹುಡುಗರ ಹತ್ತು ಬಿಳಿ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಕೆಳಗಿನ ಅಂಗಡಿಯಲ್ಲಿ ಯಂತ್ರ ತುಳಿಯುತ್ತಿದ್ದ ಹೊಲಿಗೆಯಮ್ಮ ಕತ್ತೆತ್ತಿ, "ನನ್ನ ಬಟ್ಟೆ ಮೇಲೆ ನೀರು ತೊಟ್ಟಿಕ್ಕಿದ್ರೆ ಇಬ್ಬರನ್ನೂ ಸೇರಿಸಿ ಒಂದೇ ಅಂಗಿಯೊಳಗೆ ಹೊಲಿದುಬಿಡ್ತೀನಿ ನೋಡ್ರಪ್ಪ!" ಎಂದು ಕೂಗುತ್ತಿದ್ದರು.

ಹೇಗೂ ಆ ಹುಡುಗರು ಒಬ್ಬರನ್ನೊಬ್ಬರು ಬಿಟ್ಟಿರುವಂತಿರಲಿಲ್ಲ. ಅವರು ಮಾರ್ಮನ್ ಎಂಬ ಕ್ರೈಸ್ತ ಸಭೆಯ ಮಿಷನರಿಗಳು. ಎರಡು ವರ್ಷ ಮನೆಮಠ ಬಿಟ್ಟು, ಸಭೆ ಕಳಿಸಿದ ಊರಿನಲ್ಲಿ ಮನೆಮನೆಗೆ ಹೋಗಿ ತಮ್ಮ ನಂಬಿಕೆಯನ್ನು ಹೇಳಬೇಕು. ಇಬ್ಬರೂ ಸದಾ ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರು ಇರಬೇಕೆಂಬುದು ನಿಯಮ. ಹತ್ತೊಂಬತ್ತು ತುಂಬಿದವನಿಗೂ ಅಲ್ಲಿ 'ಎಲ್ಡರ್', ಅಂದರೆ ಹಿರಿಯ, ಎಂಬ ಬಿರುದು. "ಮೀಸೆ ಬರೋಕೆ ಮುಂಚೆ ಹಿರೀತನ ಬಂತಾ?" ಎಂದು ನಕ್ಕ ಹೊಲಿಗೆಯಮ್ಮ ತಾವೇ ಇಬ್ಬರಿಗೂ ಹೆಸರಿಟ್ಟಿದ್ದರು. ಹೊಸದಾಗಿ ಬಂದವನು ಗುಂಗುರು, ಅವನಿಗಿಂತ ವರ್ಷ ಮೊದಲು ಸೇವೆಗೆ ಸೇರಿದವನು ಉದ್ದಪ್ಪ. ಈ ಹುಡುಗರು ಚಹಾ, ಕಾಫಿ ಮುಟ್ಟುವುದಿಲ್ಲವೆಂದು ತಿಳಿದ ದಿನ ಹೊಲಿಗೆಯಮ್ಮನ ಬೆರಗು ನೋಡಬೇಕಿತ್ತು. "ಚಹಾ ಬೇಡ, ಕಾಫಿ ಬೇಡ, ಹುಡುಗೀರ ಕಡೆ ನೋಡೋದೂ ಬೇಡ! ನಿಮ್ಮ ವಯಸ್ಸಲ್ಲಿ ನಮ್ಮ ಯಜಮಾನ್ರು ಈ ಮೂರರಲ್ಲಿ ಒಂದನ್ನೂ ಬಿಟ್ಟೋರಲ್ಲ." ಮರುದಿನದಿಂದ ಅವರ ಒಲೆಯ ಪಕ್ಕ ಹುಡುಗರಿಗೆಂದು ಎರಡು ಲೋಟ ಹಾಲು ಬಿಸಿಯಾಗಿರುತ್ತಿತ್ತು.

ಅದು ಪತ್ರಗಳ ಕಾಲ. ಮನೆಗೆ ಫೋನು ವರ್ಷಕ್ಕೆ ಎರಡೇ ಸಲ. ಸೋಮವಾರ ಬಟ್ಟೆ ಒಗೆದು, ಅದು ಒಣಗುವಷ್ಟರಲ್ಲಿ ಪತ್ರ ಬರೆದು ಮುಗಿಸಬೇಕು. ಗುಂಗುರು ಕಿಟಕಿಯ ಬಳಿ ಕೂತರೆ ನೂರಾರು ಮೈಲಿ ಆಚೆಯ ಅಡುಗೆಮನೆ ಕಣ್ಣೆದುರು ಬರುತ್ತಿತ್ತು: ಅಮ್ಮ ಸಿಂಕಿನ ಮುಂದೆ ಗುನುಗುವುದು, ಅಪ್ಪ ಚಪ್ಪಲಿ ಹುಡುಕುತ್ತ ಮನೆಯೆಲ್ಲ ಸುತ್ತುವುದು. ಆದರೂ ಕಾಗದದ ಮೇಲೆ ಬೀಳುತ್ತಿದ್ದುದು "ನಾನು ತುಂಬ ಚೆನ್ನಾಗಿದ್ದೇನೆ" ಎಂದೇ. ಗೋಳು ಬರೆದರೆ ನಂಬಿಕೆ ಕಡಿಮೆಯೆಂದು ಅರ್ಥ, ಹಾಗೆಂದು ಎಲ್ಲರೂ ತಿಳಿದಿದ್ದರು. ಆ ಸೋಮವಾರ ಉದ್ದಪ್ಪ ನಾಲ್ಕು ಸಾಲು ಬರೆದು ಲಕೋಟೆ ಅಂಟಿಸಿದ. ಹಿಂದಿನ ವಾರದ ಅದೇ ನಾಲ್ಕು ಸಾಲು.

ಮಂಗಳವಾರ ಅವನ ಅಂಗಿಯ ಕಾಲರ್ ಮಗುಚಿಸಲು ಇಬ್ಬರೂ ಕೆಳಗಿಳಿದರು. ಸವೆದ ಕಾಲರನ್ನು ಬಿಚ್ಚಿ, ಸವೆಯದ ಮಗ್ಗುಲು ಮೇಲೆ ಬರುವಂತೆ ಮತ್ತೆ ಹೊಲಿದರೆ ಅಂಗಿಗೆ ಇನ್ನೊಂದು ಆಯುಸ್ಸು. ಹೊಲಿಗೆಯಮ್ಮ ಅವನ ಕತ್ತಿಗೂ ಕಾಲರಿಗೂ ನಡುವೆ ಬೆರಳು ತೂರಿಸಿ ನೋಡಿದರು. ಒಂದಲ್ಲ, ಎರಡು ಬೆರಳು ಆರಾಮವಾಗಿ ಹೋದವು.

"ಮೂರು ತಿಂಗಳ ಹಿಂದೆ ಕಾಲರ್ ಬಿಗಿ ಅಂತ ನೀನೇ ಗುಂಡಿ ಜರುಗಿಸ್ಕೊಂಡು ಹೋಗಿದ್ದೆ. ಊಟ ಮಾಡ್ತೀಯೇನೋ?"

"ಮಾಡ್ತೀನಮ್ಮ. ಸೈಕಲ್ ತುಳಿದು ತುಳಿದು ಇಳಿದಿದೀನಿ."

"ಇವನೂ ತುಳೀತಾನೆ. ಇವನ ಕೆನ್ನೆ ನೋಡು, ಬನ್ನು."

ಗುಂಗುರು ನಕ್ಕ, ಆಮೇಲೆ ನಗು ನಿಲ್ಲಿಸಿದ. ಉದ್ದಪ್ಪನ ತಟ್ಟೆಯ ಅರ್ಧ ಊಟ ದಿನವೂ ಕಸದಬುಟ್ಟಿಗೆ ಹೋಗುವುದನ್ನು, ಬೆಳಗ್ಗೆ ಅವನು ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಿ ಅಳುವುದನ್ನು ಗುಂಗುರು ಒಂದು ತಿಂಗಳಿಂದ ಬಲ್ಲ. ಬಲ್ಲೆನೆಂದು ಯಾರಿಗೂ ಹೇಳಿರಲಿಲ್ಲ.

ಬುಧವಾರ ಒಂದು ವಠಾರದ ಮೂರನೇ ಮಹಡಿ. ಒಬ್ಬ ಹೆಂಗಸು "ನಮಗೆ ಉಪದೇಶ ಬೇಡ" ಎಂದು ಬಾಗಿಲು ಹಾಕಿದಳು. ಅದೇನು ಹೊಸದಲ್ಲ. ಪಕ್ಕದ ಬಾಗಿಲು ತಟ್ಟಲು ಉದ್ದಪ್ಪ ಕೈಯೆತ್ತಿದ. ಎತ್ತಿದ ಕೈ ಬಾಗಿಲು ಮುಟ್ಟಲಿಲ್ಲ. ಅವನು ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತ.

"ನನ್ ಕೈಲಿ ಆಗ್ತಿಲ್ಲ ಕಣೋ. ಎದೆ ಮೇಲೆ ಯಾರೋ ಕೂತಂಗಿದೆ. ಪ್ರಾರ್ಥನೆ ಮಾಡಿದ್ರೆ ಗೋಡೆ ಜೊತೆ ಮಾತಾಡಿದಂಗಾಗುತ್ತೆ."

"ಮಿಷನ್ ಅಧ್ಯಕ್ಷರಿಗೆ ಹೇಳೋಣ. ಡಾಕ್ಟರ್‌ಗೆ ತೋರಿಸ್ತಾರೆ."

"ಹೇಳಿದ್ರೆ ವಾಪಸ್ ಕಳಿಸ್ತಾರೆ. ನಮ್ಮಪ್ಪ ನಮ್ಮೂರ ಸಭೆಗೆ ಮುಖ್ಯಸ್ಥರು. ನಾನು ಹೊರಟ ದಿನ ಜನ ಎಲ್ಲ ನಿಂತು ಹಾಡಿ ಕಳಿಸಿದಾರೆ. ಅರ್ಧದಲ್ಲಿ ಬಂದವನನ್ನ ಹೇಗೆ ನೋಡ್ತಾರೆ ಅಂತ ಗೊತ್ತಲ್ಲ ನಿನಗೆ? ನಾನು ದೇವರಿಗೆ ಮಾತು ಕೊಟ್ಟಿದೀನಿ. ನೀನು ಬಾಯಿಬಿಟ್ರೆ ಜನ್ಮದಲ್ಲಿ ನಿನ್ನ ಕ್ಷಮಿಸಲ್ಲ."

ಬಾಗಿಲು ಹಾಕಿಕೊಂಡಿದ್ದ ಹೆಂಗಸು ಮತ್ತೆ ಹೊರಬಂದು, ಏನೂ ಕೇಳದೆ, ಒಂದು ಚೊಂಬು ನೀರು ಅವರ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಹೇಗೆ ನೋಡುತ್ತಾರೆಂದು ಗುಂಗುರುವಿಗೆ ಚೆನ್ನಾಗಿಯೇ ಗೊತ್ತಿತ್ತು. ಅವನಿಗೆ ಹದಿಮೂರು ವರ್ಷವಾಗಿದ್ದಾಗ ಅಣ್ಣ ಆರೇ ತಿಂಗಳಿಗೆ ಸೇವೆಯಿಂದ ಹಿಂದಿರುಗಿದ್ದ. ಮನೆಯಲ್ಲಿ ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಸಭಾಭವನದ ಗೋಡೆಯಿಂದ ಅವನ ಫೋಟೋ ಇಳಿಯಿತು, ಊಟದ ಮೇಜಿನಲ್ಲಿ ಮಾತು ನಿಂತಿತು. ಶಾಲೆಯ ಗೇಟಿನಲ್ಲಿ ಗೆಳೆಯರು, "ನಿಮ್ಮಣ್ಣ ಯಾಕೋ ಬಂದುಬಿಟ್ಟ?" ಎಂದಾಗ ಇವನು, "ಅವನು ಹೇಡಿ, ಓಡಿಬಂದ" ಎಂದಿದ್ದ. ತಿರುಗಿದರೆ, ಮರೆತುಹೋದ ಊಟದ ಡಬ್ಬಿ ತಂದಿದ್ದ ಅಣ್ಣ ಹಿಂದೆಯೇ ನಿಂತಿದ್ದ. ಡಬ್ಬಿಯನ್ನು ಇವನ ಕೈಗೆ ಕೊಟ್ಟು, "ಬಿಸಿ ಇದೆ, ಹುಷಾರು" ಎಂದಷ್ಟೇ ಹೇಳಿ ಹೋದ. ಅದೇ ತಿಂಗಳು ಮನೆಯನ್ನೂ ಬಿಟ್ಟ. ಈಗ ದೂರದ ಒಂದು ಪಟ್ಟಣದ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಗುಂಗುರು ಸೇವೆಗೆ ಹೊರಟಾಗ ಅಣ್ಣ ಅಂಗಡಿಯ ಹೆಸರು, ಫೋನ್ ನಂಬರ್ ಇದ್ದ ಕಾಗದದಲ್ಲೇ ಒಂದು ಪತ್ರ ಬರೆದಿದ್ದ. ಅದಕ್ಕೆ ಇವನು ಉತ್ತರ ಬರೆದಿರಲಿಲ್ಲ.

ಗುರುವಾರ ಉದ್ದಪ್ಪ ಹಾಸಿಗೆಯಿಂದ ಏಳಲೇ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಗುಂಗುರು ಬಹಳ ಹೊತ್ತು ಬಾಗಿಲಲ್ಲಿ ನಿಂತು, ಕೊನೆಗೆ ಮೊದಲ ಬಾರಿಗೆ ನಿಯಮ ಮುರಿದು ಒಬ್ಬನೇ ಮೆಟ್ಟಿಲಿಳಿದ.

"ಅಮ್ಮ, ಅಧ್ಯಕ್ಷರಿಗೆ ಫೋನ್ ಮಾಡಬೇಕಿತ್ತು. ಮಾಡಿದ್ರೆ ಅವನು ನನ್ನ ಮುಖ ನೋಡಲ್ಲ."

ಹೊಲಿಗೆಯಮ್ಮ ಯಂತ್ರ ನಿಲ್ಲಿಸಿದರು. "ಅವನು ಕಾಲು ಮುರ್ಕೊಂಡಿದ್ರೆ ಏನ್ ಮಾಡ್ತಿದ್ದೆ?"

"ಹೊತ್ಕೊಂಡು ಓಡ್ತಿದ್ದೆ."

"ದಾರಿಯಲ್ಲಿ ಬೈದಿದ್ರೆ ಇಳಿಸಿಬಿಡ್ತಿದ್ದೆಯಾ?" ಎಂದು ಫೋನಿನ ಮೇಲಿದ್ದ ಬಟ್ಟೆಯ ಚೂರುಗಳನ್ನು ಸರಿಸಿ, ಅದನ್ನು ಅವನ ಮುಂದಕ್ಕೆ ತಳ್ಳಿದರು. ಆಮೇಲೆ ಹಾಲಿನ ಲೋಟ ಹಿಡಿದು, ಮಂಡಿನೋವು ಮರೆತು, ಅವರೇ ಮಹಡಿ ಹತ್ತಿದರು.

ಆ ಪ್ರಾಂತ್ಯದ ಮಿಷನರಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಅಧ್ಯಕ್ಷರು ಶುಕ್ರವಾರ ಬೆಳಗ್ಗೆ ತಾವೇ ಬಂದರು. ಅಂಗಡಿಯ ಸ್ಟೂಲಿನಲ್ಲಿ ಕೂತು ಒಂದು ಗಂಟೆ ಉದ್ದಪ್ಪನ ಮಾತು ಕೇಳಿದರು. "ನೀನು ಮಾಡಿದ ಸೇವೆ ಮಾಡಿದ್ದೇ ಮಗು. ಈಗ ವೈದ್ಯರು, ಮನೆ, ನಿದ್ದೆ. ಇದನ್ನ ನಾನು ಮೊದಲೇ ಕೇಳಬೇಕಿತ್ತು" ಎಂದರು. ಆಮೇಲೆ ಅವನ ಅಪ್ಪನಿಗೆ ಫೋನು ಹಚ್ಚಿ, ವಿಷಯ ತಿಳಿಸಿ, ಮಗನ ಕೈಗೆ ಕೊಟ್ಟರು.

ಆ ಕಡೆಯ ಧ್ವನಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. "ಭಾನುವಾರ ಜನಕ್ಕೆ ನಾನು ಏನು ಹೇಳ್ಲಿ? ಬೇರೆ ಮಕ್ಕಳಿಗೆ ಬುದ್ಧಿ ಹೇಳೋನು ನಾನು. ನಿಮ್ಮಮ್ಮ ಅಳ್ತಿದಾಳೆ. ಸ್ಟೇಷನ್ನಿಗೆ ಯಾರೂ ಬರಕ್ಕಾಗಲ್ಲ. ಕತ್ತಲಾದ ಮೇಲಿನ ಬಸ್ಸು ಹಿಡಿದು ಬಾ."

ಉದ್ದಪ್ಪ ಫೋನಿಟ್ಟು ಯಾರನ್ನೂ ನೋಡದೆ ಮೆಟ್ಟಿಲು ಹತ್ತಿದ. ಫೋನ್ ಮಾಡಿದ ವಿಷಯ ತಿಳಿದ ಗುರುವಾರದಿಂದ ಅವನು ಗುಂಗುರುವಿನೊಡನೆ ಮಾತಾಡಿರಲಿಲ್ಲ.

ಅಧ್ಯಕ್ಷರು ಟಿಕೆಟ್ ತಂದಿದ್ದ ಮರುದಿನದ ರೈಲು ಕೊನೆಗೆ ನಿಲ್ಲುವುದು ಕನ್ನಡಕದ ಅಂಗಡಿಯಿದ್ದ ಪಟ್ಟಣದಲ್ಲಿ. ಉದ್ದಪ್ಪನ ಊರಿಗೆ ಬಸ್ಸು ಹಿಡಿಯಬೇಕಾದದ್ದೂ ಅಲ್ಲಿಂದಲೇ. ಗುಂಗುರು ಅಧ್ಯಕ್ಷರ ಎದುರು ನಿಂತ. "ಸರ್, ನಾನೊಂದು ಫೋನ್ ಮಾಡ್ಲಾ? ಅಣ್ಣನಿಗೆ." ಅವರು ಯಾಕೆಂದು ಕೇಳಲಿಲ್ಲ, ಹೊಲಿಗೆಯಮ್ಮನನ್ನು ಕರೆದುಕೊಂಡು ಹೊರಗೆ ಹೋಗಿ ನಿಂತರು.

"ಅಣ್ಣಾ, ನಾನು."

ಆ ಕಡೆ ಗಾಜು ಉಜ್ಜುವ ಯಂತ್ರದ ಸದ್ದು ನಿಂತಿತು. "ಮನೇಲಿ ಎಲ್ಲ ಚೆನ್ನಾಗಿದಾರೇನೋ?"

"ಚೆನ್ನಾಗಿದಾರೆ. ನನ್ನ ಜೊತೆಗಾರ ಒಬ್ಬ ನಾಳೆ ವಾಪಸ್ ಹೋಗ್ತಿದಾನೆ. ಹುಷಾರಿಲ್ಲ. ನಿಮ್ಮೂರ ಸ್ಟೇಷನ್ನಿಗೆ ಅವನ ಮನೆಯವರು ಯಾರೂ ಬರಲ್ಲ. ಕತ್ತಲಾದ ಮೇಲಿನ ಬಸ್ಸಲ್ಲಿ ಬಾ ಅಂದಿದಾರೆ."

ಅಣ್ಣ ಕಾಗದ, ಪೆನ್ನು ಎಳೆದುಕೊಂಡ ಸದ್ದು ಕೇಳಿಸಿತು.

"ಯಾವ ಬೋಗಿ?"

"ಏಳು."

"ನೋಡೋಕೆ ಹೇಗಿದಾನೆ?"

"ಉದ್ದ. ಬಾಗಿಲಿಗೆ ತಲೆ ತಗುಲುತ್ತೆ."

"ಹಾಗಾದ್ರೆ ಕಾಣ್ತಾನೆ ಬಿಡು. ಊಟ ಮಾಡಿಸಿ, ಮನೆ ಬಾಗಿಲ ತನಕ ನಾನೇ ಬಿಟ್ಟುಬರ್ತೀನಿ. ಬೆಳಕಿರೋ ಬಸ್ಸಲ್ಲಿ."

"ಅಣ್ಣಾ, ಅವತ್ತು ಶಾಲೆ ಹತ್ರ ನಾನು..."

"ಮೊದ್ಲು ಅವನನ್ನ ರೈಲು ಹತ್ತಿಸು," ಎಂದ ಅಣ್ಣ. "ಅದನ್ನ ನೀನು ಬಂದಾಗ ಮಾತಾಡೋಣ. ಬರ್ತೀಯ ತಾನೆ?"

ಗುಂಗುರು ಮಹಡಿಗೆ ಬಂದಾಗ ಉದ್ದಪ್ಪ ಮಂಚದ ಮೇಲೆ ತೆರೆದ ಪೆಟ್ಟಿಗೆಯ ಮುಂದೆ ಸುಮ್ಮನೆ ಕೂತಿದ್ದ. ಗುಂಗುರು ನೆಲದ ಮೇಲೆ ಕೂತು ಅವನ ಅಂಗಿಗಳನ್ನು ಒಂದೊಂದಾಗಿ ಮಡಚತೊಡಗಿದ.

"ನಾಳೆ ನಿನ್ನ ಕರ್ಕೊಂಡು ಹೋಗೋಕೆ ಸ್ಟೇಷನ್ನಿಗೆ ಒಬ್ಬರು ಬರ್ತಾರೆ."

ಗುರುವಾರದಿಂದ ಹಿಡಿದಿದ್ದ ಮೌನ ಮುರಿಯಿತು. "ಯಾರು?"

"ನಮ್ಮಣ್ಣ."

"ನಿನಗೆ ಅಣ್ಣ ಇದಾನಾ? ಇಷ್ಟು ತಿಂಗಳಲ್ಲಿ ಒಂದು ದಿನಾನೂ ಹೇಳ್ಲಿಲ್ಲ!"

"ಹೇಳಿರಲಿಲ್ಲ," ಎಂದು ಗುಂಗುರು ಇನ್ನೊಂದು ಅಂಗಿಯನ್ನು ಎತ್ತಿಕೊಂಡ. "ಅವನೂ ಸೇವೆಗೆ ಹೋಗಿದ್ದ. ಆರು ತಿಂಗಳು." ಹಾಗೆಂದು ಮೊದಲಿಂದ ಹೇಳಲು ಶುರುಮಾಡಿದ.