ಮುಂದಿನ ಬಲಗಡೆ ಟೈರು

ಇದು ದೊಡ್ಡ ವಿಮಾನ, ಕಿಟಕಿಯ ಗಾಜು ನಡುಗುವುದರಲ್ಲೇ ಗೊತ್ತಾಗುತ್ತದೆ, ಹತ್ತೂ ಇಪ್ಪತ್ತಕ್ಕೆ ಇಳಿಯಬೇಕಿದ್ದದ್ದು, ಮಂಜಿಗೆ ತಡವಾಗಿ ಈಗ ನಮ್ಮೂರು ಆವತಿಯ ತಲೆಯ ಮೇಲೆ ಗುಡುಗುತ್ತಾ ಹೋಗುತ್ತಿದೆ, ಮುಂಚೆ ಆಗಿದ್ದರೆ ಕ್ಯಾಮೆರಾ ಎತ್ತಿಕೊಂಡು ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿರುತ್ತಿದ್ದೆ, ಹೆಂಡತಿ ಪ್ರಮೋದಾ ಒಲೆಯ ಮುಂದಿನಿಂದಲೇ ಕೂಗಿರುತ್ತಿದ್ದಳು, ಓಡ್ರೀ ಓಡಿ, ನಿಮ್ಮ ತಾತನ ಆಸ್ತಿ ಇಳೀತಾ ಐತೆ ಅಂತ — ಇವತ್ತು ಅವಳು ಕೂಗಲಿಲ್ಲ, ನಾನು ಏಳಲಿಲ್ಲ, ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೇನೆ, ಮೌಸ್ ಹಿಡಿದ ಅಂಗೈ ಒದ್ದೆ, ಡಿಸೆಂಬರಿನ ಈ ಚಳಿಯಲ್ಲಿ ಬೆವರು, ಥೂ. ಬಾಗಿಲಾಚೆ ಹಾಲ್‌ನಲ್ಲಿ ಲಾರಿ ಡ್ರೈವರ್ ಕೆಂಪರಾಜನ ಹೆಂಡತಿ ರಮ್ಯಶ್ರೀ ಕೂತಿದ್ದಾಳೆ, ಕುಂದಾಣದಿಂದ ಎರಡು ಬಸ್ಸು ಹತ್ತಿಳಿದು ಬಂದಿದ್ದಾಳೆ, ಕುತ್ತಿಗೆ ಬರಿದು, ನೋಡಬಾರದು ನೋಡಬಾರದು ಎಂದುಕೊಂಡೇ ನೋಡಿಬಿಟ್ಟೆ. ಅಣ್ಣ, ಆಯುಧಪೂಜೆ ದಿವ್ಸ ಗಾಡಿ ಪಕ್ಕ ನಿಲ್ಸಿ ತೆಗುದ್ರಲ್ಲ, ಆ ಫೋಟೋ ಬೇಕಿತ್ತು, ತಿಥಿಗೆ ಡಿಎಲ್‌ನಲ್ಲಿದ್ದದ್ದೇ ದೊಡ್ಡದು ಮಾಡ್ಸಿ ಇಟ್ಟಿದ್ವಿ, ಅವ್ರೇ ಅಲ್ಲ ಅನ್ಸೋದು ಅಂದಳು. ಬರೀ ಮುಖ ಕಟ್ ಮಾಡಿ ನೀಟಾಗಿ ಕೊಡ್ತೀನಿ ಕಣಮ್ಮ ಅಂದೆ, ಎಷ್ಟು ಬೇಗ ಅಂದೆ, ಮಾತು ಬಾಯಿಗೆ ಮೊದಲೇ ಬಂದು ಕೂತಿದ್ದ ಹಾಗೆ. ಬೇಡ ಅಣ್ಣ, ಗಾಡಿ ಪೂರ್ತಿ ಬರ್ಲಿ, ಚಕ್ರನೂ ಬರ್ಲಿ ಅಂದಳು. ಚಕ್ರ ಯಾಕಮ್ಮ ನಿನಗೆ ಅಂತ ನಾನು ಕೇಳಲಿಲ್ಲ. ಪ್ರಮೋದಾ ಒಳಗೆ ಕಾಫಿಗೆ ಹಾಲಿಟ್ಟಿದ್ದಾಳೆ, ಇವತ್ತು ಭಾನುವಾರ, ಗಾರ್ಮೆಂಟ್ಸ್‌ಗೆ ರಜ, ಇಲ್ಲದಿದ್ದರೆ ಈ ಹೆಣ್ಣುಮಗಳ ಜೊತೆ ನಾನೊಬ್ಬನೇ ಕೂರಬೇಕಿತ್ತು.

ಪರದೆಯ ಮೇಲೆ ಎರಡು ಫೈಲು, ಅಕ್ಕಪಕ್ಕ, ಒಂದಕ್ಕೆ ಬರೀ ನಂಬರು, ಇನ್ನೊಂದಕ್ಕೆ ಫೈನಲ್ ಅಂತ ನಾನೇ ಹೆಸರಿಟ್ಟಿದ್ದು, ಒಂದೇ ಲಾರಿ, ಒಂದೇ ಕೆಂಪರಾಜ, ಅದೇ ಬಿಳಿ ಅಂಗಿ, ಅದೇ ನಗು, ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ, ಗೊತ್ತಾಗುವುದಕ್ಕೇ ಅಲ್ಲವೇ ಹದಿಮೂರು ವರ್ಷ ಸಂಬಳ ಕೊಟ್ಟದ್ದು. ದೊಡ್ಡಬಳ್ಳಾಪುರದ ಕಾರ್ಖಾನೆಯಲ್ಲಿ ಗಾಡಿಗಳಿಗೆ ಹೋಗುವ ಎರಕದ ಭಾಗಗಳನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ಬಿರುಕು ಹುಡುಕುವ ಕೆಲಸ, ಕೂದಲೆಳೆಯಷ್ಟು ಕಂಡರೂ ಕೆಂಪು ಬಣ್ಣ ಬಳಿದು ಆಚೆಗೆಸೆಯಬೇಕು, ಭಾನುಪ್ರಕಾಶ್ ಕಣ್ಣಿಗೆ ಬಿದ್ರೆ ಮುಗೀತು ಕಣ್ರಪ್ಪಾ ಅನ್ನುತ್ತಿದ್ದರು, ಅನ್ನಿಸಿಕೊಂಡು ಬೀಗುತ್ತಿದ್ದೆ, ಹೋದ ವರ್ಷ ಆ ಲೈನನ್ನೇ ಕಿತ್ತು ಬೇರೆ ರಾಜ್ಯಕ್ಕೆ ಸಾಗಿಸಿದರು, ಯಂತ್ರಗಳಿಗೆ ಲಾರಿ ಬಂತು, ನಮಗೆ ಒಂದು ಪತ್ರ ಬಂತು, ಆ ಲಾರಿಗಳದ್ದೂ ಫೋಟೋ ತೆಗೆದೆನಲ್ಲ, ಹುಚ್ಚು ಅಂದರೆ ಅದು, ಹದಿನಾಲ್ಕು ಚಕ್ರದ್ದು, ಮೂತಿಗೆ ಚಾಮರ ಕಟ್ಟಿದ್ದದ್ದು, ನನ್ನ ಅನ್ನ ಹೊತ್ತುಕೊಂಡು ಹೋಗುತ್ತಿದ್ದರೂ ಚೆನ್ನಾಗಿ ಕಂಡಿತು. ನಲವತ್ತೊಂದು ವರ್ಷದವನಿಗೆ ಯಾರು ಕೆಲಸ ಕೊಡುತ್ತಾರೆ, ಗೇಟಿನಲ್ಲಿ ನಿಲ್ಲುತ್ತೀಯಾ ಅಂದರು, ಗೋಡೌನಿನಲ್ಲಿ ಮೂಟೆ ಎಣಿಸುತ್ತೀಯಾ ಅಂದರು, ದಿನಾ ಬೆಳಗ್ಗೆ ಕೆಲಸ ಹುಡುಕಲು ಹೋಗುತ್ತೇನೆ ಎಂದು ಹೇಳಿ ನೆಲಮಂಗಲದ ಹೆದ್ದಾರಿ ಪಕ್ಕ ನಿಂತು ಲಾರಿ ತೆಗೆಯುತ್ತಿದ್ದೆ, ಪ್ರಮೋದಾಗೆ ಗೊತ್ತಿತ್ತು, ಅಂಗಿಯ ಕಾಲರಿನ ಧೂಳು ನೋಡಿಯೇ ಗೊತ್ತಾಗುತ್ತಿತ್ತು, ಏನೂ ಅನ್ನಲಿಲ್ಲ, ಅಂದಿದ್ದರೆ ವಾಸಿಯಿತ್ತು.

ಅಲ್ಲೇ ಸಿಕ್ಕಿದ್ದು ಕೆಂಪರಾಜ, ಗಕ್ಕನೆ ಬ್ರೇಕ್ ಹಾಕಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಏನ್ ಗುರು, ದಿನಾ ನಿಂತ್ಕಂಡು ಹೊಡೀತೀಯಲ್ಲ, ಕೇಸ್ ಹಾಕಕ್ಕಾ ಅಂದ, ಇಲ್ಲಣ್ಣ, ಗಾಡಿ ಅಂದ್ರೆ ಆಸೆ, ಸುಮ್ನೆ ತೆಗೀತೀನಿ ಅಂದೆ, ಅವನು ನಂಬಲೇ ಇಲ್ಲ, ಸುಮ್ನೇನಾ, ಸುಮ್ನೆ ಬಿಸಿಲಲ್ಲಿ ಸಾಯ್ತಾರಾ ಯಾರಾದ್ರೂ, ಆಮೇಲೆ ಇಳಿದು ಬಂದು ಕೂದಲು ಬಾಚಿಕೊಂಡು ಲಾರಿಯ ಮುಂದೆ ನಿಂತ, ನಂದೂ ಒಂದು ತೆಗಿ ಮತ್ತೆ. ಆ ಫೋಟೋ ಅವನ ಮೊಬೈಲಿನಿಂದ ನೂರು ಡ್ರೈವರುಗಳ ಮೊಬೈಲಿಗೆ ಹೋಯಿತು, ಒಬ್ಬೊಬ್ಬರೇ ಕೇಳಿಕೊಂಡು ಬಂದರು, ಇನ್ನೂರು ಕೊಟ್ಟರು, ಮುನ್ನೂರು ಕೊಟ್ಟರು, ಒಬ್ಬ ದಾವಣಗೆರೆಯವನು ಒಂದು ಮೂಟೆ ಈರುಳ್ಳಿ ಇಳಿಸಿ ಹೋದ, ಪ್ರಮೋದಾ ಬಹಳ ದಿನಗಳ ಮೇಲೆ ನಕ್ಕಿದ್ದು ಅವತ್ತು, ಗಾಡಿ ಹುಚ್ಚನ ಸಂಪಾದನೆ ನೋಡಿ ಅಂತ ಅಕ್ಕಪಕ್ಕದ ಮನೆಗೆಲ್ಲಾ ಈರುಳ್ಳಿ ಹಂಚಿದಳು. ತನ್ನ ಓನರ್ ಗೋವಿಂದರಾಜು ಹತ್ತಿರ ಕರೆದುಕೊಂಡು ಹೋದವನೂ ಕೆಂಪರಾಜನೇ, ಸಾರ್, ಎಲ್ಲಾ ಗಾಡೀನೂ ಇವ್ನ ಕೈಲೇ ತೆಗ್ಸಿ, ತಗಡೂ ಚಿನ್ನ ಕಂಡಂಗೆ ಕಾಣ್ತದೆ. ಇಪ್ಪತ್ತೆರಡು ಲಾರಿಯ ಓನರ್ ಗೋವಿಂದರಾಜು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಯುಧಪೂಜೆಗೆ ಬಾರಪ್ಪಾ, ನೋಡೋಣ ನಿನ್ನ ಕೈಚಳಕ ಅಂದಿದ್ದರು.

ನೆಲಮಂಗಲದ ಆ ಯಾರ್ಡು, ಬೆಳಗ್ಗೆ ಏಳಕ್ಕೇ ತೊಳೆದ ನೆಲ, ಸಾಲಾಗಿ ಲಾರಿಗಳು, ಚೆಂಡುಹೂವಿನ ವಾಸನೆಯೂ ಡೀಸೆಲ್ ವಾಸನೆಯೂ ಒಟ್ಟಿಗೆ, ಬೂದುಗುಂಬಳ ಒಡೆದ ಜಾಗದಲ್ಲಿ ಕುಂಕುಮದ ನೀರು ಕಾಲಿಗೆ ಅಂಟುತ್ತಿತ್ತು, ಕೆಂಪರಾಜ ತನ್ನ ಗಾಡಿಯ ನಾಲ್ಕು ಮೂಲೆಯ ಚಕ್ರಕ್ಕೂ ನಿಂಬೆಹಣ್ಣು ಇಡುತ್ತಿದ್ದ, ಮುಂದಿನ ಬಲಗಡೆಯದಕ್ಕೆ ಕೊನೆಯಲ್ಲಿ ಇಟ್ಟ, ತಡಿ ಕೆಂಪಣ್ಣ, ಈಗಲೇ ಮುಂದಕ್ಕೆ ಬಿಡಬೇಡ ಅಂತ ನಾನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆ, ಕೆಳಗಿನಿಂದ ತೆಗೆದರೆ ಲಾರಿ ದೇವಸ್ಥಾನದಷ್ಟು ಎತ್ತರ ಕಾಣುತ್ತದೆ, ಮುಂದೆ ಹಳದಿ ನಿಂಬೆಹಣ್ಣು, ಅದರ ಮೇಲೆ ಕಪ್ಪು ಟೈರು, ಪಕ್ಕದಲ್ಲಿ ಬಾಗಿಲಿಗೆ ಒರಗಿ ಅವನು, ಹಣೆಯ ಮೇಲೆ ಮುನೇಶ್ವರ ಪ್ರಸನ್ನ ಅಂತ ಬರೆದ ಲಾರಿ. ಬೇಗ ಹೊಡಿ ಗುರು, ದೇವ್ರು ಕಾಯ್ತಾ ಅವ್ನೆ ಅಂದು ನಕ್ಕ, ಆ ನಗುವಿಗೆ ಸರಿಯಾಗಿ ಒತ್ತಿದೆ, ಹೊಡೆದ ತಕ್ಷಣವೇ ಗೊತ್ತಾಯಿತು, ಇಷ್ಟು ಒಳ್ಳೆಯದು ನಾನು ಜನ್ಮದಲ್ಲಿ ತೆಗೆದಿಲ್ಲ ಅಂತ, ಹೊಟ್ಟೆಯ ಕೆಳಗೆ ನೆಲ ತಣ್ಣಗಿತ್ತು, ಖುಷಿಯಾಗಿತ್ತು, ಕೆಲಸ ಹೋದದ್ದೇ ಒಳ್ಳೆಯದಾಯಿತು ಅಂತ ಕೂಡ ಅನ್ನಿಸಿತು, ಹಾಳಾದ್ದು. ಆಮೇಲೆ ಅವನು ಹತ್ತಿ ಗಾಡಿ ಬಿಟ್ಟ, ನಾಲ್ಕೂ ಹಣ್ಣು ಪಚ್ ಪಚ್ ಅಂತ ಒಡೆದವು, ಎಲ್ಲಾ ಸರಿಯಾಗಿಯೇ ಆಯಿತು, ಶಾಸ್ತ್ರದಲ್ಲಿ ಏನೂ ಕೊರತೆಯಿಲ್ಲ.

ಮನೆಗೆ ಬಂದು ಇದೇ ಕುರ್ಚಿಯಲ್ಲಿ ಕೂತು ದೊಡ್ಡದು ಮಾಡಿದೆ, ನಿಂಬೆಹಣ್ಣಿನ ಮೇಲೆ ನೀರಿನ ಹನಿ ಕಾಣುತ್ತದಾ ಅಂತ ನೋಡುವುದಕ್ಕೆ, ಕಂಡಿತು, ಒಂದೊಂದು ಹನಿಯೂ, ಇನ್ನಷ್ಟು ದೊಡ್ಡದು ಮಾಡಿ ಮೇಲಕ್ಕೆ ಸರಿಸಿದೆ — ಟೈರಿನ ಪಕ್ಕೆಯಲ್ಲಿ ಸೀಳು. ಬೆರಳಿನುದ್ದ. ಕೆಸರಿನ ಗೆರೆ ಇರಬೇಕು ಅಂತ ಇನ್ನೊಮ್ಮೆ ದೊಡ್ಡದು ಮಾಡಿದೆ, ಕೆಸರಲ್ಲ, ರಬ್ಬರು ಬಾಯಿ ಬಿಟ್ಟಿತ್ತು, ಒಳಗಿನ ಬಿಳಿ ನೂಲು ಕಾಣುತ್ತಿತ್ತು, ಕೆಂಪು ಬಣ್ಣ ಬಳಿದು ಆಚೆಗೆಸೆ ಅಂತ ಹದಿಮೂರು ವರ್ಷದ ಕೈ ಎದ್ದಿತು, ಕೆಂಪರಾಜನಿಗೆ ಫೋನ್ ಮಾಡೋಣ ಅಂತ ಮೊಬೈಲ್ ಎತ್ತಿದರೆ ಗೋವಿಂದರಾಜು ಮೆಸೇಜ್, ಫೋಟೋ ಬೇಗ ಕಳ್ಸಪ್ಪಾ, ಶೋರೂಮ್ ಗಾಡಿ ಥರ ಇರ್ಬೇಕು, ಟೈರ್ ಕಪ್ಪಗೆ ಹೊಳೀಬೇಕು, ಚೆನ್ನಾಗಿದ್ರೆ ಹೊಸವರ್ಷದ ಕ್ಯಾಲೆಂಡರೂ ನಿಂದೇ. ಕ್ಯಾಲೆಂಡರು. ಎರಡು ತಿಂಗಳ ಕೆಲಸ. ಮೊಬೈಲ್ ಕೆಳಗಿಟ್ಟೆ. ಡ್ರೈವರಿಗೆ ತನ್ನ ಟೈರು ಗೊತ್ತಿರುವುದಿಲ್ಲವಾ, ನಾನು ಹೇಳಬೇಕಾ, ಫೋಟೋ ತೆಗೆಯಪ್ಪಾ ಅಂದರೆ ಗಾಡಿಗೆ ಹುಳುಕು ಹುಡುಕ್ತಾನೆ ಅಂತ ಓನರ್ ನಾಳೆಯಿಂದ ಸೇರಿಸುತ್ತಾರಾ — ಹೀಗೆಲ್ಲಾ ಯೋಚಿಸುತ್ತಾ ಯೋಚಿಸುತ್ತಾ ಪರದೆಯ ಮೇಲಿನ ಬ್ರಷ್ ಎತ್ತಿಕೊಂಡುಬಿಟ್ಟಿದ್ದೆ, ಪಕ್ಕದ ರಬ್ಬರಿನ ಕಪ್ಪನ್ನು ತಂದು ಸೀಳಿನ ಮೇಲೆ ಬಳಿದೆ, ಬಿಳಿ ನೂಲಿನ ಮೇಲೆ ಬಳಿದೆ, ನಾಲ್ಕೇ ನಾಲ್ಕು ಸಲ ಎಳೆದದ್ದು, ಟೈರು ನುಣ್ಣಗಾಯಿತು. ಫೈನಲ್ ಅಂತ ಹೆಸರಿಟ್ಟು ಕಳಿಸಿದೆ. ನಾಳೆ ಹೇಳೋಣ ಅಂದುಕೊಂಡೆ, ನಲವತ್ತು ದಿನ ನಾಳೆಯೇ ಆಯಿತು, ಮಧ್ಯೆ ಎರಡು ಸಲ ಅವನೇ ಫೋನ್ ಮಾಡಿದ್ದ, ಫೋಟೋ ಹಿಟ್ ಆಯ್ತು ಗುರು ಅಂತ, ಆಗಲೂ ಹೇಳಲಿಲ್ಲ.

ಹೊಸಕೋಟೆ ದಾಟಿ ಎರಡು ಮೈಲಿ, ಮಧ್ಯಾಹ್ನ ಹನ್ನೆರಡೂವರೆ, ಕೆಂಪರಾಜನ ಲಾರಿ ಬಲಕ್ಕೆ ಎಳೆದುಕೊಂಡು ಹೋಗಿ ನಡುವಿನ ಕಟ್ಟೆ ಹತ್ತಿ ಮಗುಚಿತು, ಯಾರೋ ತೆಗೆದ ಫೋಟೋ ನನ್ನ ಮೊಬೈಲಿಗೂ ಬಂತು, ಮುಂದಿನ ಬಲಗಡೆ ಚಕ್ರ ಇರಬೇಕಾದ ಜಾಗ ಪೂರ್ತಿ ಜಜ್ಜಿಹೋಗಿತ್ತು, ಟೈರಿನ ಗುರುತೇ ಇಲ್ಲ, ಅವನೂ ಹಾಗೆಯೇ ಅಂತೆ, ನಾನು ನೋಡಲಿಲ್ಲ, ಮಣ್ಣಿಗೆ ಹೋಗಿ ದೂರದಲ್ಲಿ ನಿಂತು ಬಂದೆ. ನಿದ್ದೆ ಹೊಡ್ದ ಬಡ್ಡೀಮಗ, ನನ್ನ ಗಾಡೀನೂ ತಿಂದ ಅಂತ ಗೋವಿಂದರಾಜು ಎಲ್ಲರ ಮುಂದೆ ಹೇಳಿಕೊಂಡು ಬಂದರು, ಮಟಮಟ ಮಧ್ಯಾಹ್ನ ಹನ್ನೆರಡೂವರೆಗೆ ಯಾರ್ರೀ ನಿದ್ದೆ ಹೊಡೆಯುತ್ತಾರೆ, ಆದರೂ ಜನ ತಲೆಯಾಡಿಸಿದರು. ಮೂರು ದಿನದ ಹಿಂದೆ ನನಗೆ ಅವರದೇ ಫೋನ್, ಪೂಜೆ ದಿವ್ಸದ್ದು ಆ ಫೋಟೋ ಇನ್ನೊಂದ್ಸಲ ಕಳ್ಸಪ್ಪಾ, ಅದೇ, ಟೈರ್ ಫಳಫಳ ಅಂತಿರೋದು, ಇನ್ಶೂರೆನ್ಸ್‌ನೋರು ಗಾಡಿ ಹೆಂಗಿತ್ತು ಅಂತ ಕೇಳ್ತಾವ್ರೆ, ಆಮೇಲೆ ಕ್ಯಾಲೆಂಡರ್ ಕೆಲ್ಸ ಶುರು ಹಚ್ಕೋ, ಆ ಒಂದು ಗಾಡಿ ಬಿಟ್ಟು ಉಳ್ದಿದ್ದೆಲ್ಲಾ. ಕಳಿಸಿದೆ. ಸಾರ್, ಅದರಲ್ಲಿ ಟೈರನ್ನು ನಾನು ತಿದ್ದಿದ್ದೆ ಅನ್ನಲಿಲ್ಲ, ಕಳಿಸಿ ಥ್ಯಾಂಕ್ಸ್ ಸಾರ್ ಅಂತ ಬೇರೆ ಬರೆದೆ.

ಈಗ ಇವಳು ಬಂದಿದ್ದಾಳೆ. ನಂಬರಿನ ಫೈಲನ್ನು ಇವಳ ಕೈಗೆ ಕೊಟ್ಟರೆ ಓನರಿನ ಮಾತು ಬೀಳುತ್ತದೆ, ಕೆಂಪರಾಜ ನಿದ್ದೆಗೇಡಿ ಅಲ್ಲ ಅಂತ ಆಗುತ್ತದೆ, ಬರಬೇಕಾದ ಪರಿಹಾರ ಬರಬಹುದು, ನನ್ನ ಕ್ಯಾಲೆಂಡರು ಹೋಗುತ್ತದೆ, ಹೋಗಲಿ, ಅದಲ್ಲ, ನಲವತ್ತು ದಿನ ನಿಮಗೆ ಗೊತ್ತಿತ್ತಾ ಅಣ್ಣ ಅಂತ ಕೇಳುತ್ತಾಳೆ, ಒಂದು ಫೋನ್ ಮಾಡಿದ್ದರೆ ಬದುಕುತ್ತಿದ್ದರಲ್ಲ ಅಣ್ಣ ಅಂತ ಕೇಳುತ್ತಾಳೆ, ಪ್ರಮೋದಾ ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿರುತ್ತಾಳೆ, ಅವಳೂ ಕೇಳಿಸಿಕೊಳ್ಳುತ್ತಾಳೆ. ಅಣ್ಣ, ಆಯ್ತಾ ಅಂತ ಹಾಲ್‌ನಿಂದ ದನಿ, ಬಸ್ಸು ಹನ್ನೊಂದೂವರೆಗೈತೆ. ಆಯ್ತು ಕಣಮ್ಮ, ಎರಡು ನಿಮಿಷ. ಫೈನಲ್ ಮೇಲೆ ಒತ್ತಿದೆ. ಯೋಚನೆ ಮಾಡಿ ಒತ್ತಿದ್ದಲ್ಲ — ಸುಳ್ಳು, ಯೋಚನೆ ಮಾಡಿಯೇ ಒತ್ತಿದೆ. ಪ್ರಿಂಟರ್ ಕೆರೆಯುತ್ತಾ ಕೆರೆಯುತ್ತಾ ಮೇಲಿಂದ ಕೆಳಕ್ಕೆ ಬಿಡುತ್ತಿದೆ, ಮೊದಲು ಆಕಾಶ, ಮುನೇಶ್ವರ ಪ್ರಸನ್ನ, ಚೆಂಡುಹೂವಿನ ಹಾರ, ಕೆಂಪರಾಜನ ಕೂದಲು, ಹಣೆ, ನಗು, ಒಂದು ಕ್ಷಣ ಬರೀ ತಲೆ ಮಾತ್ರ ಬಂದು ನಿಂತಿತು, ಆಮೇಲೆ ಬಿಳಿ ಅಂಗಿ, ಬಾಗಿಲು, ಕೊನೆಯಲ್ಲಿ ಟೈರು, ಕಪ್ಪಗೆ, ನುಣ್ಣಗೆ, ಅದರ ಕೆಳಗೆ ನಿಂಬೆಹಣ್ಣು.

ರಮ್ಯಶ್ರೀ ಸೆರಗಿನಲ್ಲಿ ಕೈ ಒರೆಸಿಕೊಂಡು ಇಸಿದುಕೊಂಡಳು, ಇಂಗೇ ನಗೋರು ನೋಡಿ ಅಕ್ಕ ಅಂತ ಪ್ರಮೋದಾಗೆ ತೋರಿಸಿದಳು, ಬೆರಳು ಮುಖ ಸವರಿತು, ತೋಳು ಸವರಿತು, ಕೆಳಗೆ ಇಳಿಯಿತು, ಚಕ್ರದ ಮೇಲೆ ನಿಂತಿತು, ಫೋಟೋವನ್ನು ಕಣ್ಣಿನ ಹತ್ತಿರ ತಂದುಕೊಂಡಳು, ಕಿಟಕಿಯ ಬೆಳಕಿಗೆ ಹಿಡಿದಳು, ನಾನು ಗೋಡೆ ನೋಡಿದೆ. ಅಣ್ಣ, ಇದು ಬಲಗಡೇದು ಅಲ್ವಾ. ಹೂಂ. ಪೂಜೆ ದಿವ್ಸದ್ದೇ ಅಲ್ವಾ. ಹೂಂ ಕಣಮ್ಮ, ಅವತ್ತಿಂದೇ. ಅವಳು ಹೆಬ್ಬೆರಳಿನಿಂದ ಟೈರಿನ ಪಕ್ಕೆಯನ್ನು ಒರೆಸಿ ನೋಡಿದಳು. ಹಬ್ಬಕ್ಕೆ ಮುಂಚಿಂದ್ಲೂ ಹೇಳೋರು ಅಣ್ಣ, ಮುಂದಿನ ಬಲಗಡೆ ಟೈರ್ ಸೀಳೈತೆ, ಓನರಿಗೆ ಹೇಳಿ ಹೇಳಿ ಸಾಕಾಯ್ತು, ಹಬ್ಬ ಕಳೀಲಿ ಅಂತಾವ್ರೆ ಅಂತ, ಉಣ್ಣಕ್ಕೆ ಕೂತಾಗ್ಲೆಲ್ಲಾ ಅದೇ ಮಾತು, ಅದ್ಕೇ ಚಕ್ರ ಕಾಣೋ ಫೋಟೋ ಬೇಕು ಅಂದಿದ್ದು ನಾನು, ತಗಂಡೋಗಿ ಆ ಓನರ್ ಮೂತಿಗೆ ಹಿಡಿಯಾನ ಅಂತ — ಇಲ್ಲಿ ನೋಡುದ್ರೆ ಹೊಸಾದು ಇದ್ದಂಗೈತೆ. ನನ್ ಕೂಡೆಯೂ ಸುಳ್ಳೇ ಹೇಳ್ತಿದ್ರಾ ಹಂಗಾದ್ರೆ. ಜನ ಹೇಳಿದ್ದೇ ದಿಟ ಬಿಡಿ, ನಿದ್ದೇನೇ ಹೊಡ್ದಿರ್ಬೇಕು. ಅಂದು ಫೋಟೋವನ್ನು ಮುಖ ಒಳಗೆ ಮಾಡಿ ಸುರುಳಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು, ಬರ್ತೀನಿ ಅಕ್ಕ, ಬರ್ತೀನಣ್ಣ, ನಿಮ್ಗೆ ತೊಂದ್ರೆ ಕೊಟ್ಟೆ. ಅವನಿಗೆ ಗೊತ್ತಿತ್ತು. ದಿನಾ ಹೇಳುತ್ತಿದ್ದ. ನಾನು ಹೇಳದೆ ಹೋದದ್ದರಿಂದ ಸತ್ತವನಲ್ಲ, ಹೇಳಿದ್ದನ್ನು ಯಾರೂ ಕೇಳದೆ ಸತ್ತವನು, ಅವನು ಹೇಳಿದ್ದು ನಿಜ ಅನ್ನುವುದಕ್ಕೆ ಇಡೀ ಲೋಕದಲ್ಲಿ ಇರುವುದು ಒಂದೇ ಒಂದು ಫೋಟೋ, ಅದು ಆ ಕೋಣೆಯಲ್ಲಿ ತೆರೆದೇ ಇದೆ, ನಾಲ್ಕು ಹೆಜ್ಜೆ, ಕರೆಯಬೇಕು, ನಿಂತ್ಕೊಳ್ಳಮ್ಮ ಅನ್ನಬೇಕು, ಚಪ್ಪಲಿ ಮೆಟ್ಟುತ್ತಿದ್ದಾಳೆ, ಪ್ರಮೋದಾ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಗೇಟಿನ ಚಿಲಕದ ಸದ್ದು, ಅನ್ನಬೇಕು, ಬಾಯಿ ತೆರೆದಿದೆ, ಬೆರಳಿನುದ್ದ ಸೀಳು, ಒಳಗೆ ಬಿಳಿ ನೂಲು, ಕೆಳಗೆ ನಿಂಬೆಹಣ್ಣು, ಬೆರಳಿನುದ್ದ ಸೀಳು, ಒಳಗೆ ಬಿಳಿ ನೂಲು, ಬಿಳಿ ನೂಲು —